ಇನ್ನೂರು ಡೊಮೇನ್ ಹೆಸರು ಕೊಂಡಿಟ್ಟರೆ ಐದು ವರ್ಷದಲ್ಲಿ ದುಡ್ಡಾಗುತ್ತದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ವಾಯ್ಸ್ ಡಾಟ್ ಕಾಮ್ ಎಂಬ ಡೊಮೇನ್ ಹೆಸರು, ಅಂದರೆ ಜಾಲತಾಣದ ವಿಳಾಸ, 2019ರಲ್ಲಿ ಮೂರು ಕೋಟಿ ಡಾಲರಿಗೆ ಮಾರಾಟವಾದ ಸುದ್ದಿ ಓದಿದ್ದೀರಿ. ಒಂದು ಹೆಸರಿಗೆ ವರ್ಷಕ್ಕೆ ಹತ್ತು ಹನ್ನೆರಡು ಡಾಲರ್ ತಾನೇ, ಇನ್ನೂರು ಹೆಸರು ಕೊಂಡು ಐದು ವರ್ಷ ಸುಮ್ಮನೆ ಇಟ್ಟುಕೊಂಡರೆ ಒಂದಾದರೂ ಕುದುರದೇ ಹೋದೀತೇ ಎಂದು ಲೆಕ್ಕ ಹಾಕಿದ್ದೀರಿ. ನಾಲ್ಕು ಬಗೆಯ ಹೆಸರುಗಳ ಪಟ್ಟಿ ಕೊಟ್ಟು (ದೊಡ್ಡ ಕಂಪನಿಗಳ ಹೆಸರಿಗೆ ಇನ್ನೊಂದು ಪದ ಅಂಟಿಸಿದವು, ಮೂರು ನಾಲ್ಕು ಪದದ ಉದ್ದನೆಯವು, ಡಾಟ್ ಎಐನವು, ಎರಡು ಪದದ ಡಾಟ್ ಕಾಮ್‌ಗಳು) ಯಾವುದರಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ.

ಇನ್ನೂರು ಬೇಡ. ಹತ್ತು ಹದಿನೈದು ಸಾಕು, ಅದೂ ಕಳೆದುಕೊಂಡರೆ ನಿದ್ದೆ ಕೆಡದಷ್ಟು ದುಡ್ಡಿನಲ್ಲಿ. ಕೆಲಸದ ಜೊತೆಜೊತೆಗೇ ನಾನು ಈ ವ್ಯಾಪಾರವನ್ನು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಹೆಸರು ಕೊಳ್ಳುವಾಗ ಯಾರಿಗೂ ಕಷ್ಟವಾಗುವುದಿಲ್ಲ, ಎಲ್ಲರಿಗೂ ಹುರುಪೇ. ಎರಡನೇ ವರ್ಷದ ರಿನ್ಯೂವಲ್ ಬಿಲ್ ಒಟ್ಟಿಗೆ ಬಂದಾಗ ಗೊತ್ತಾಗುತ್ತದೆ ವ್ಯಾಪಾರ ಎಂದರೇನು ಎಂದು.

ನಿಮ್ಮದೇ ಅಂಕಿ ತೆಗೆದುಕೊಳ್ಳಿ. ಇನ್ನೂರು ಹೆಸರು, ತಲಾ 12 ಡಾಲರ್: ವರ್ಷಕ್ಕೆ 2,400. ಒಂದು ವರ್ಷದಲ್ಲಿ ಕೈಲಿರುವ ಹೆಸರುಗಳಲ್ಲಿ ನೂರಕ್ಕೆ ಒಂದೋ ಎರಡೋ ಮಾರಾಟವಾಗುತ್ತವೆ ಎನ್ನುವುದು ಈ ದಂಧೆಯವರ ಬಾಯಲ್ಲಿ ಓಡಾಡುವ ಲೆಕ್ಕ, ಅದೂ ನೋಡಿ ಆರಿಸಿದ ಹೆಸರುಗಳಿಗೆ. ಹೊಸಬರಿಗೆ ನೂರಕ್ಕೆ ಒಂದು ಎಂದರೆ ಉದಾರ ಅಂದಾಜೇ. ಅಂದರೆ ವರ್ಷಕ್ಕೆ ಎರಡು. ತಲಾ 1,500 ಡಾಲರ್ ಬಂತು ಎನ್ನೋಣ, 3,000 ಆಯಿತು. ಮಾರುಕಟ್ಟೆಯ ಜಾಲತಾಣ ನೂರಕ್ಕೆ ಇಪ್ಪತ್ತು ಕಮಿಷನ್ ಮುರಿದುಕೊಂಡರೆ ಉಳಿಯುವುದು 2,400. ಇಡೀ ವರ್ಷ ದುಡಿದು ರಿನ್ಯೂವಲ್ ಕಟ್ಟಿ ಮುಗಿಸಿದಿರಿ. ಅದಕ್ಕೂ ಮೊದಲು, ಆ ಎರಡು ಮಾರಾಟ ಮೊದಲ ವರ್ಷವೇ ಆಗಬೇಕೆಂಬ ಕರಾರು ಯಾರೂ ಬರೆದುಕೊಟ್ಟಿಲ್ಲ.

ಡೊಮೇನ್ ಎಂದರೆ ಮನೆ ಕಟ್ಟುವ ಸೈಟಿದ್ದಂತೆ, ಇವತ್ತು ಕೊಂಡಿಟ್ಟರೆ ನಾಳೆ ಬೆಲೆ ಏರುತ್ತದೆ ಎಂದು ಹೇಳುವವರು ಬಹಳ. ನನಗೆ ಈ ಹೋಲಿಕೆ ಸರಿಬರುವುದಿಲ್ಲ. ಸೈಟನ್ನು ನೀವಲ್ಲದಿದ್ದರೆ ಇನ್ನೊಬ್ಬರು ಕೊಳ್ಳುತ್ತಾರೆ, ಸುತ್ತ ಮನೆಗಳಾದಂತೆ ಬೆಲೆ ತಾನಾಗಿ ಮೇಲೆ ಹೋಗುತ್ತದೆ. ಹೆಸರಿಗೆ ಹಾಗಿಲ್ಲ. ಬಹುತೇಕ ಹೆಸರುಗಳಿಗೆ ಇಡೀ ಜಗತ್ತಿನಲ್ಲಿ ಗಿರಾಕಿ ಇರುವುದು ಒಬ್ಬನೋ ಇಬ್ಬರೋ, ಅವರೂ ಇನ್ನೂ ಕಂಪನಿ ಶುರು ಮಾಡಿರಲಿಕ್ಕಿಲ್ಲ. ಅವರು ಬರುವ ತನಕ ನೀವು ವರ್ಷ ವರ್ಷ ಕಟ್ಟುತ್ತ ಕೂತಿರಬೇಕು.

ಇನ್ನೊಂದು ವಿಷಯ, ನೀವು ಕೊಳ್ಳುವುದು ಮಾಲೀಕತ್ವವನ್ನಲ್ಲ, ಬಾಡಿಗೆಯ ಹಕ್ಕನ್ನು. ಡಾಟ್ ಕಾಮ್ ಪಟ್ಟಿಯನ್ನು ನಡೆಸುವುದು ವೆರಿಸೈನ್ ಎಂಬ ಕಂಪನಿ, ಮೇಲೆ ನಿಯಮ ಮಾಡುವುದು 1998ರಲ್ಲಿ ಹುಟ್ಟಿದ ಐಕಾನ್ ಎಂಬ ಸಂಸ್ಥೆ, ನಿಮಗೆ ಮಾರುವ ರಿಜಿಸ್ಟ್ರಾರ್ ಇವರ ನಡುವಿನವನು. ಒಂದೇ ಸಲಕ್ಕೆ ಗರಿಷ್ಠ ಹತ್ತು ವರ್ಷಕ್ಕೆ ಮಾತ್ರ ನೋಂದಾಯಿಸಬಹುದು. ವೆರಿಸೈನ್ ರಿಜಿಸ್ಟ್ರಾರ್‌ಗಳಿಂದ ತೆಗೆದುಕೊಳ್ಳುವ ಸಗಟು ದರ 2021ರ ಸೆಪ್ಟೆಂಬರ್‌ಗೆ ಮುಂಚೆ 7.85 ಡಾಲರ್ ಇತ್ತು. ಒಂದೊಂದು ವರ್ಷ ನೂರಕ್ಕೆ ಏಳರಂತೆ ನಾಲ್ಕು ಸಲ ಏರಿ 2024ರಲ್ಲಿ 10.26 ಆಯಿತು. ಒಂದು ಹೆಸರಿಟ್ಟುಕೊಂಡು ಅಂಗಡಿ ನಡೆಸುವವರಿಗೆ ಇದು ಲೆಕ್ಕಕ್ಕೇ ಬಾರದ ಹಣ. ಇನ್ನೂರು ಇಟ್ಟುಕೊಂಡವರಿಗೆ ಅದೇ ಲಾಭ ನಷ್ಟದ ಗೆರೆ.

ಇಟ್ಟುಕೊಳ್ಳುವ ಖರ್ಚೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುವುದಕ್ಕೆ ಹಳೆಯ ಕಥೆಯೊಂದಿದೆ. ಹೆಸರು ನೋಂದಾಯಿಸಿದ ಮೇಲೆ ಐದು ದಿನದೊಳಗೆ ವಾಪಸ್ ಕೊಟ್ಟರೆ ಪೂರ್ತಿ ಹಣ ಮರಳುತ್ತಿತ್ತು. ಬೆರಳು ತಪ್ಪಿ ಅಕ್ಷರ ಕೆಟ್ಟರೆ ಸರಿಪಡಿಸಿಕೊಳ್ಳಲಿ ಎಂದು ಕೊಟ್ಟ ಸವಲತ್ತು ಅದು. ಕೆಲವರು ಅದನ್ನೇ ಹಿಡಿದು ಲಕ್ಷಗಟ್ಟಲೆ ಹೆಸರು ನೋಂದಾಯಿಸಿ, ಐದು ದಿನ ಜಾಹೀರಾತು ಹಾಕಿ, ಜನ ಬಂದ ಹೆಸರನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಹಿಂತಿರುಗಿಸುತ್ತಿದ್ದರು. ಡೊಮೇನ್ ಟೇಸ್ಟಿಂಗ್ ಎಂದು ಅದಕ್ಕೆ ಹೆಸರು. ಮಿತಿ ಮೀರಿದ ವಾಪಸಾತಿಗೆ 2008ರಿಂದ ಐಕಾನ್ ಶುಲ್ಕ ಹಾಕತೊಡಗಿತು. ಒಂದೇ ವರ್ಷದೊಳಗೆ ಈ ಚಾಳಿ ನೂರಕ್ಕೆ 99ಕ್ಕೂ ಹೆಚ್ಚು ಇಳಿದುಹೋಯಿತು. ಪುಕ್ಕಟೆಯಾಗಿದ್ದಾಗ ಚಿನ್ನದಂತೆ ಕಂಡ ಹೆಸರುಗಳು ಕೆಲವು ಸೆಂಟುಗಳ ಬಾಡಿಗೆಗೂ ಬೇಡವಾದವು.

ಇನ್ನು ಸುದ್ದಿಯಾದ ಮಾರಾಟಗಳು. ವಾಯ್ಸ್ ಡಾಟ್ ಕಾಮ್ ಮಾರಿದ ಮೈಕ್ರೋಸ್ಟ್ರಾಟಜಿ ಕಂಪನಿ ಅದನ್ನು ತೊಂಬತ್ತರ ದಶಕದಿಂದ ಇಟ್ಟುಕೊಂಡಿತ್ತು. ಕೊಂಡ ಬ್ಲಾಕ್ ಡಾಟ್ ಒನ್ ಎಂಬ ಕಂಪನಿಯ ಬಳಿ ಹೂಡಿಕೆದಾರರ ರಾಶಿ ಹಣವಿತ್ತು. ಫೇಸ್‌ಬುಕ್ 2010ರಲ್ಲಿ ಎಫ್‌ಬಿ ಡಾಟ್ ಕಾಮ್ ಅನ್ನು 85 ಲಕ್ಷ ಡಾಲರ್ ಕೊಟ್ಟು ಕೊಂಡದ್ದು ಅಮೆರಿಕದ ರೈತರ ಒಕ್ಕೂಟ ಫಾರ್ಮ್ ಬ್ಯೂರೋದಿಂದ. ಅವರೇನು ಮಾರಲೆಂದು ಕೊಂಡಿಟ್ಟವರಲ್ಲ, ತಮ್ಮದೇ ಹೆಸರಿನ ಮೊದಲ ಅಕ್ಷರಗಳು ಅವು. ಚಾಟ್ ಡಾಟ್ ಕಾಮ್ 2023ರಲ್ಲಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚಿಗೆ ಹೋಗಿ, ಕೊನೆಗೆ ಓಪನ್ಎಐ ಕೈ ಸೇರಿತು. ಎಲ್ಲವೂ ಒಂದೇ ಪದ ಅಥವಾ ಎರಡಕ್ಷರ, ಎಲ್ಲವೂ ಡಾಟ್ ಕಾಮ್. ಅಂಥವು ಇವತ್ತು 12 ಡಾಲರಿಗೆ ಸಿಗುವುದಿಲ್ಲ. 15 ಕೋಟಿಗೂ ಹೆಚ್ಚು ಡಾಟ್ ಕಾಮ್ ಹೆಸರುಗಳು ನೋಂದಣಿಯಾಗಿರುವಾಗ, ಯಾರೂ ಮುಟ್ಟದೆ ಉಳಿದ ಹೆಸರನ್ನು ಕಂಡರೆ ಮೊದಲು ಕೇಳಿಕೊಳ್ಳಬೇಕಾದದ್ದು, ಇಷ್ಟು ಜನರ ಕಣ್ಣಿಗೆ ಇದು ಯಾಕೆ ಬೀಳಲಿಲ್ಲ ಎಂದು. ಎಲ್ಲೋ ಒಮ್ಮೆ ಸರಿಯಾದ ಉತ್ತರ ಇರುತ್ತದೆ: ಆ ಪದವೇ ಹೊಸದು, ಆ ತಂತ್ರಜ್ಞಾನ ಹುಟ್ಟಿ ಆರು ತಿಂಗಳಾಗಿಲ್ಲ. ಬಹುಪಾಲು ಸಲ ಉತ್ತರ ಸರಳ, ಅದು ಯಾರಿಗೂ ಬೇಡ.

ಹಾಗಾದರೆ ಒಳ್ಳೆಯ ಹೆಸರು ಯಾವುದು? ನಾನು ಪಟ್ಟಿಗಳನ್ನು, ತಾನಾಗಿ ಬೆಲೆ ಕಟ್ಟುವ ತಂತ್ರಾಂಶಗಳನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಆ ತಂತ್ರಾಂಶ 2,000 ಡಾಲರ್ ಎಂದು ತೋರಿಸಿದ ಹೆಸರಿಗೆ ಇಪ್ಪತ್ತೂ ಹುಟ್ಟುವುದಿಲ್ಲ, ನೂರು ಎಂದದ್ದು ನಾಲ್ಕು ಸಾವಿರಕ್ಕೆ ಹೋಗುತ್ತದೆ. ನನ್ನ ಪರೀಕ್ಷೆ ಒಂದೇ. ಇದನ್ನು ಕೊಳ್ಳುವವರು ಯಾರು ಎಂದು ಕಾಗದದ ಮೇಲೆ ಬರೆಯಲು ಸಾಧ್ಯವೇ? ಹತ್ತಾರು ಕಂಪನಿಗಳಾದರೂ ಸಿಗಬೇಕು: ಇದೇ ಹೆಸರನ್ನು ಉದ್ದವಾದ, ಅಡ್ಡಗೆರೆ ಹಾಕಿದ, ಇಲ್ಲವೇ ಬೇರೆ ಬಾಲ (ಡಾಟ್ ಕಾಮ್ ಬದಲು ಡಾಟ್ ನೆಟ್ ಥರದ್ದು) ಅಂಟಿಸಿದ ರೂಪದಲ್ಲಿ ಬಳಸುತ್ತಿರುವವರು. ಅವರ ಆದಾಯ ಎಂಥದ್ದು? ಒಬ್ಬ ಗಿರಾಕಿ ಸಿಕ್ಕರೆ ಸಾವಿರಗಟ್ಟಲೆ ಡಾಲರ್ ಗಳಿಸುವ ವಕೀಲರು, ವಿಮೆಯವರು, ತಂತ್ರಾಂಶ ಮಾರುವವರು ಹೆಸರಿಗೆ ಮೂರು ಸಾವಿರ ಕೊಡಲು ಎರಡು ಸಲ ಯೋಚಿಸುವುದಿಲ್ಲ. ಕವಿತೆ ಬರೆಯುವವರಿಗೆ ಎಷ್ಟೇ ಚೆಂದದ ಹೆಸರು ತೋರಿಸಿ, ಪಾಪ, ಅವರ ಬಳಿ ಮೂವತ್ತು ಡಾಲರೂ ಇರುವುದಿಲ್ಲ. (ಚೆಂದದ ಹೆಸರುಗಳ ಮೋಹ ದೊಡ್ಡದು. ನನಗಿಷ್ಟವಾದ ಹೆಸರು ಎನ್ನುವುದು ಕೊಳ್ಳಲು ಕಾರಣವೇ ಅಲ್ಲ.)

ಫೋನಿನಲ್ಲಿ ಒಂದೇ ಸಲ ಹೇಳಿದರೆ ಎದುರಿನವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ ಎಂಬುದನ್ನೂ ನೋಡಿ. ಅಂಕಿ, ಅಡ್ಡಗೆರೆ, ಬೇಕೆಂದೇ ಬದಲಿಸಿದ ಕಾಗುಣಿತ ಇದ್ದರೆ ಬಿಟ್ಟುಬಿಡಿ.

ಡಾಟ್ ಕಾಮ್ ಬಿಟ್ಟು ಉಳಿದ ಬಾಲಗಳ ಬಗ್ಗೆ ಕೇಳಿದ್ದೀರಿ. ಎರಡಕ್ಷರದ ಬಾಲಗಳೆಲ್ಲ ಒಂದೊಂದು ದೇಶದ ಅಥವಾ ಪ್ರಾಂತ್ಯದ ಸೊತ್ತು, ಆ ಊರಿನ ರಾಜಕೀಯ ನಿಮ್ಮ ಹೆಸರಿಗೂ ತಟ್ಟುತ್ತದೆ. ಯುಗೊಸ್ಲಾವಿಯಾ ಹೋದ ಮೇಲೆ ಅದರ ಡಾಟ್ ವೈಯು 2010ರಲ್ಲಿ ಅಳಿಸಿಹೋಯಿತು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಾಗ ಅಲ್ಲಿನವರ ಎಷ್ಟೋ ಡಾಟ್ ಇಯು ಹೆಸರುಗಳು ರದ್ದಾದವು. ಡಾಟ್ ಎಐ ಕೆರೀಬಿಯನ್ನಿನ ಪುಟ್ಟ ದ್ವೀಪ ಅಂಗ್ವಿಲ್ಲಾದ್ದು. ಕೃತಕ ಬುದ್ಧಿಮತ್ತೆಯ ಹುಚ್ಚು ಹತ್ತಿದ ಮೇಲೆ, 2023ರಲ್ಲಿ, ಅಲ್ಲಿನ ಸರ್ಕಾರದ ಆದಾಯದ ಐದನೇ ಒಂದು ಭಾಗಕ್ಕೂ ಹೆಚ್ಚು ಈ ಹೆಸರುಗಳಿಂದಲೇ ಬಂತು. ಮರುಮಾರಾಟದಲ್ಲಿ ಯಾರು ಗೆದ್ದರೋ ಸೋತರೋ, ದ್ವೀಪಕ್ಕಂತೂ ಶುಲ್ಕ ಮೊದಲೇ ಸಂದಾಯವಾಗಿತ್ತು. ಡಾಟ್ ಎಐನಲ್ಲಿ ನಿಜವಾಗಿಯೂ ಒಳ್ಳೆಯ ಮಾರಾಟಗಳಾಗಿವೆ, ಆದರೆ ಕನಿಷ್ಠ ಎರಡು ವರ್ಷಕ್ಕೆ ನೋಂದಾಯಿಸಬೇಕು, ದರವೂ ಡಾಟ್ ಕಾಮ್‌ಗಿಂತ ಹಲವು ಪಟ್ಟು. ಒಂದು ಪದದ್ದಾದರೆ ಯೋಚಿಸಿ, ಎರಡು ಪದ ಜೋಡಿಸಿ ಡಾಟ್ ಎಐ ಕೊಳ್ಳಬೇಡಿ. 2012ರ ನಂತರ ಬಂದ ನೂರಾರು ಹೊಸ ಬಾಲಗಳಲ್ಲಿ ಮೊದಲ ವರ್ಷಕ್ಕೆ ಒಂದೆರಡು ಡಾಲರ್ ಎಂದು ಕರೆಯುತ್ತಾರೆ, ಎರಡನೇ ವರ್ಷದ ದರ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನೇ ಮೊದಲು ಓದಿ.

ಹೊಸದಾಗಿ ನೋಂದಾಯಿಸುವುದಕ್ಕಿಂತ ಅವಧಿ ಮುಗಿದ ಹೆಸರುಗಳಲ್ಲಿ ಹುಡುಕುವುದು ಮೇಲು. ಡಾಟ್ ಕಾಮ್ ಹೆಸರುಗಳಲ್ಲಿ ಸುಮಾರು ಮುಕ್ಕಾಲು ಭಾಗ ಮಾತ್ರ ರಿನ್ಯೂ ಆಗುತ್ತವೆ. ಉಳಿದವು ದಿನವೂ ಸಾವಿರಾರು ಲೆಕ್ಕದಲ್ಲಿ ಉದುರುತ್ತಿರುತ್ತವೆ. ಅವಧಿ ಮುಗಿದ ಕೂಡಲೇ ಹೆಸರು ಬಿಡುಗಡೆಯಾಗುವುದಿಲ್ಲ. ರಿಜಿಸ್ಟ್ರಾರ್ ಕೆಲವು ವಾರ ಕಾಯುತ್ತಾನೆ, ಆ ಹೊತ್ತಿನಲ್ಲೇ ಒಳ್ಳೆಯವನ್ನು ತಾನೇ ಹರಾಜಿಗಿಡುತ್ತಾನೆ. ಹರಾಜಾಗದೆ ಅಳಿಸಿದರೂ ಹಳೆಯ ಮಾಲೀಕ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ, ಆಮೇಲೆ ಯಾರೂ ಮುಟ್ಟಲಾಗದ ಐದು ದಿನ, ನಂತರ ಬಿಡುಗಡೆ. ಆ ಕ್ಷಣದಲ್ಲಿ ನೀವು ಕೈಯಿಂದ ಟೈಪ್ ಮಾಡಿ ಹಿಡಿಯುತ್ತೇನೆ ಎಂದರೆ ಆಗದ ಮಾತು. ಹೀಗೆ ಬಿಡುಗಡೆಯಾಗುವ ಹೆಸರು ಹಿಡಿಯುವುದನ್ನೇ ಕಸುಬು ಮಾಡಿಕೊಂಡ ಡ್ರಾಪ್ ಕ್ಯಾಚ್ ಕಂಪನಿಗಳು ಹತ್ತಾರು ರಿಜಿಸ್ಟ್ರಾರ್ ಪರವಾನಗಿ ಇಟ್ಟುಕೊಂಡು ಕಣ್ಣು ಮಿಟುಕಿಸುವುದರೊಳಗೆ ಎತ್ತಿಕೊಳ್ಳುತ್ತವೆ. ಅವರ ಬಳಿ ಮೊದಲೇ ಹೆಸರು ಬರೆಸಿಡಿ. ಕೊಳ್ಳುವ ಮುಂಚೆ, ಹಳೆಯ ಜಾಲಪುಟಗಳ ಪ್ರತಿ ಇಟ್ಟಿರುವ ವೇಬ್ಯಾಕ್ ಮಷೀನ್ ತಾಣದಲ್ಲಿ ಆ ಹೆಸರಿನ ಪೂರ್ವಾಶ್ರಮ ನೋಡಿ. ಜೂಜು, ನಕಲಿ ಔಷಧಿ, ಸ್ಪ್ಯಾಮ್ ಕಂಡರೆ ಕೈಬಿಡಿ. ಹರಾಜಿನಲ್ಲಿ ಮೂರು ಜನ ಜಗ್ಗಾಡಿ ನೂರಿನ್ನೂರು ಡಾಲರಿಗೆ ಹೋದ ಹೆಸರು, ಯಾರೂ ಕೇಳದ ಇಪ್ಪತ್ತು ಹೆಸರಿಗಿಂತ ಸಾಮಾನ್ಯವಾಗಿ ವಾಸಿ. ಇಪ್ಪತ್ತರ ರಿನ್ಯೂವಲ್ ಬದಲು ಒಂದರದ್ದು ಕಟ್ಟಿದರೆ ಸಾಕಲ್ಲ.

ಈಗ ಟ್ರೇಡ್‌ಮಾರ್ಕ್. ನಿಮ್ಮ ಪಟ್ಟಿ ನೋಡಿ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಡೆನಿಸ್ ಟೋಪನ್ ಎಂಬವರು ಪ್ಯಾನಾವಿಷನ್ ಡಾಟ್ ಕಾಮ್ ನೋಂದಾಯಿಸಿ, ಅದರಲ್ಲಿ ಇಲಿನಾಯ್ ರಾಜ್ಯದ ಪ್ಯಾನಾ ಎಂಬ ಪಟ್ಟಣದ ಚಿತ್ರಗಳನ್ನು ಹಾಕಿ, ಸಿನಿಮಾ ಕ್ಯಾಮೆರಾದ ಆ ಕಂಪನಿಗೆ 13,000 ಡಾಲರ್ ಬೆಲೆ ಹೇಳಿದರು. ಪಟ್ಟಣದ ಚಿತ್ರಗಳ ಉಪಾಯ ನಡೆಯಲಿಲ್ಲ, 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧ ತೀರ್ಪು ಕೊಟ್ಟಿತು. ಮರುವರ್ಷ ಎರಡು ಬೇಲಿಗಳು ಬಂದವು. ಅಮೆರಿಕದ ಕಾನೂನು ಒಂದು ಹೆಸರಿಗೆ ಒಂದು ಲಕ್ಷ ಡಾಲರ್ ತನಕ ಪರಿಹಾರ ಕಟ್ಟಿಸಬಲ್ಲದು. ಹೆಸರಿನ ಜಗಳ ತೀರಿಸಲು ಐಕಾನ್ ಮಾಡಿದ ಯುಡಿಆರ್‌ಪಿ ನಿಯಮ ಎಲ್ಲ ದೇಶದವರಿಗೂ ತಗಲುತ್ತದೆ, ಏಕೆಂದರೆ ರಿಜಿಸ್ಟ್ರಾರ್ ಜೊತೆಗಿನ ನಿಮ್ಮ ಒಪ್ಪಂದದಲ್ಲೇ ಅದು ಸೇರಿದೆ. ದೂರುದಾರರು ಮೂರು ಸಂಗತಿ ತೋರಿಸಬೇಕು: ಹೆಸರು ತಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ನಿಮಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶದಿಂದ ನೋಂದಾಯಿಸಿ ಬಳಸಿದ್ದೀರಿ. ಅವರಿಗೆ ಒಬ್ಬ ತೀರ್ಪುಗಾರರ ಮುಂದೆ ದೂರು ಕೊಡಲು ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆಯಾದ ವೈಪೋದಲ್ಲಿ 1,500 ಡಾಲರ್ ಶುಲ್ಕ, ನಿಮಗೆ ಉತ್ತರಿಸಲು 20 ದಿನ. ಸೋತರೆ ಹೆಸರು ಹೋಗುತ್ತದೆ, ಕಾಸೂ ಬರುವುದಿಲ್ಲ. ಬಹಳ ಜನಕ್ಕೆ ತಿಳಿಯದ ಸೂಕ್ಷ್ಮ ಒಂದಿದೆ. ಕಂಪನಿಯ ಹೆಸರನ್ನೇ ಕೊಂಡು, ನಿಮ್ಮ ಹೆಸರು ನನ್ನ ಬಳಿ ಇದೆ, ಇಷ್ಟು ಕೊಡಿ ಎಂದು ಇಮೇಲ್ ಹಾಕಿದರೆ ದುರುದ್ದೇಶಕ್ಕೆ ಸಾಕ್ಷಿಯನ್ನು ನೀವೇ ಬರೆದುಕೊಟ್ಟಂತೆ.

ಹಕ್ಕು ನಿಮ್ಮದೇ ಆಗಿದ್ದರೂ ಜಗಳ ಅಗ್ಗವಲ್ಲ. ಉಝಿ ನಿಸ್ಸಾನ್ ಎಂಬವರು ತಮ್ಮ ಮನೆತನದ ಹೆಸರಿನಲ್ಲೇ ಕಂಪ್ಯೂಟರ್ ವ್ಯಾಪಾರ ನಡೆಸುತ್ತ 1994ರಲ್ಲಿ ನಿಸ್ಸಾನ್ ಡಾಟ್ ಕಾಮ್ ನೋಂದಾಯಿಸಿದ್ದರು. ಕಾರು ಕಂಪನಿ 1999ರಲ್ಲಿ ಮೊಕದ್ದಮೆ ಹೂಡಿತು. ಹೆಸರು ಕೊನೆಗೂ ಅವರಲ್ಲೇ ಉಳಿಯಿತು, ಉಳಿಸಿಕೊಳ್ಳಲು ವರ್ಷಗಟ್ಟಲೆ ನ್ಯಾಯಾಲಯ ಅಲೆಯಬೇಕಾಯಿತು.

ಮಾರುವ ಭಾಗ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಹೆಸರನ್ನು ಯಾರಾದರೂ ಬ್ರೌಸರಿನಲ್ಲಿ ಬರೆದರೆ ಮಾರಾಟಕ್ಕಿದೆ ಎನ್ನುವ ಪುಟ ತೆರೆಯಬೇಕು, ಅಲ್ಲಿ ಬೆಲೆ ಕಾಣಬೇಕು. ಸೆಡೊ, ಆಫ್ಟರ್ನಿಕ್‌ನಂಥ ಹೆಸರು ಮಾರುವ ತಾಣಗಳಲ್ಲಿ ಪಟ್ಟಿ ಮಾಡಿ. ಐದು ಸಾವಿರ ಡಾಲರಿನ ಒಳಗಿನ ಹೆಸರಿಗೆ ಬೆಲೆ ಬರೆಯದೆ ವಿಚಾರಿಸಿ ಎನ್ನುವುದು ನನಗೆ ಜಂಭವಾಗಿ ಕಾಣುತ್ತದೆ, ಗಿರಾಕಿ ಇನ್ನೊಂದು ಹೆಸರು ಹುಡುಕಿಕೊಂಡು ಹೋಗುತ್ತಾನೆ. ಬೆಲೆ ಕಟ್ಟಲು ನೇಮ್‌ಬಯೋ ಎಂಬ ತಾಣದಲ್ಲಿ ಹಳೆಯ ಮಾರಾಟಗಳನ್ನು ನೋಡಿ, ಆದರೆ ಅಲ್ಲಿರುವುದು ಮಾರಾಟವಾದವು ಮಾತ್ರ. ಮಾರಾಟವಾಗದ ಕೋಟಿಗಳ ದಾಖಲೆ ಎಲ್ಲೂ ಇಲ್ಲ. ಹಿಂದೊಮ್ಮೆ ಹೆಸರನ್ನು ಜಾಹೀರಾತಿಗೆ ಬಿಟ್ಟು, ಪಾರ್ಕಿಂಗ್ ಆದಾಯದಿಂದಲೇ ರಿನ್ಯೂವಲ್ ಕಟ್ಟುವವರಿದ್ದರು. ಈಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಾಯುವ ತಾಳ್ಮೆ ಎರಡೂ ಕಡೆ ಬೇಕಾಗುತ್ತದೆ. ಟೆಸ್ಲಾ ಡಾಟ್ ಕಾಮ್ ಕೈಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ, 1.1 ಕೋಟಿ ಡಾಲರ್ ಹಿಡಿಯಿತು ಎಂದು ಇಲಾನ್ ಮಸ್ಕ್ 2018ರಲ್ಲಿ ಹೇಳಿಕೊಂಡರು. ಅಲ್ಲಿಯವರೆಗೆ ಕಂಪನಿ ಟೆಸ್ಲಾಮೋಟರ್ಸ್ ಡಾಟ್ ಕಾಮ್‌ನಲ್ಲೇ ಕಾಲ ಹಾಕಿತ್ತು. ಗಿರಾಕಿಗೆ ಬೇಕೇ ಬೇಕು ಎನಿಸಿದರೂ ಅವನ ಕೆಲಸ ನಿಮ್ಮಿಂದ ನಿಲ್ಲುವುದಿಲ್ಲ.

ದುಡ್ಡಿನ ವಿಚಾರದಲ್ಲಿ ಎಸ್ಕ್ರೋ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ಗಿರಾಕಿ ಹಣವನ್ನು ಮೂರನೆಯವರಲ್ಲಿಡುತ್ತಾನೆ, ನೀವು ಹೆಸರು ವರ್ಗಾಯಿಸುತ್ತೀರಿ, ಅವನು ಸಿಕ್ಕಿತು ಎಂದ ಮೇಲೆ ಹಣ ನಿಮಗೆ ಬರುತ್ತದೆ. ಹಣ ಬಂದಿದೆ ಎಂಬ ಇಮೇಲಿನ ಕೊಂಡಿ ಒತ್ತದೆ, ಎಸ್ಕ್ರೋ ತಾಣಕ್ಕೆ ನೀವಾಗಿ ಲಾಗಿನ್ ಆಗಿ ನೋಡಿ, ಆಮೇಲೆ ವರ್ಗಾವಣೆಯ ಕೋಡ್ ಕೊಡಿ. ದೊಡ್ಡ ಮೊತ್ತ ಕೊಡುತ್ತೇನೆ, ಆದರೆ ಮೊದಲು ಇಂಥ ತಾಣದಿಂದ ಮೌಲ್ಯಮಾಪನ ಪ್ರಮಾಣಪತ್ರ ತನ್ನಿ ಎನ್ನುವವನು ಗಿರಾಕಿಯಲ್ಲ. ಆ ತಾಣವೂ ಅವನದ್ದೇ. ಹೊಸದಾಗಿ ನೋಂದಾಯಿಸಿದ ಹೆಸರನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲಾಗುವುದಿಲ್ಲ ಎಂಬುದು ತಿಳಿದಿರಲಿ, ಆದರೆ ಅದೇ ರಿಜಿಸ್ಟ್ರಾರ್ ಒಳಗೆ ಇನ್ನೊಂದು ಖಾತೆಗೆ ಸರಿಸುವ ಸೌಲಭ್ಯ ಬಹಳ ಕಡೆ ಇದೆ. ಖಾತೆಗೆ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ಸೆಕ್ಸ್ ಡಾಟ್ ಕಾಮ್ ಅನ್ನು 1995ರಲ್ಲಿ ಒಬ್ಬ ಒಂದು ಸುಳ್ಳು ಪತ್ರದಿಂದ ತನ್ನದಾಗಿಸಿಕೊಂಡಿದ್ದ. ಡೊಮೇನ್ ಹೆಸರೂ ಆಸ್ತಿಯೇ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಆ ಜಗಳದಲ್ಲಿ, 2003ರಲ್ಲಿ.

ರಿನ್ಯೂವಲ್ ಹತ್ತಿರ ಬಂದಾಗ ನಾನು ಮಾಡುವುದು ಇಷ್ಟೇ. ಈ ಹೆಸರು ಇವತ್ತು ನನ್ನ ಬಳಿ ಇಲ್ಲದಿದ್ದರೆ, ಇದೇ 12 ಡಾಲರ್ ಕೊಟ್ಟು ಹೊಸದಾಗಿ ಕೊಳ್ಳುತ್ತಿದ್ದೆನೇ? ಇಲ್ಲ ಎಂದರೆ ಬಿಡುತ್ತೇನೆ. ಮೂರು ವರ್ಷ ಕಟ್ಟಿದ್ದೇನಲ್ಲ, ಬಿಟ್ಟ ಮರುದಿನವೇ ಗಿರಾಕಿ ಬಂದರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಕೆಲವು ಸಲ ಹಾಗೆ ಆಗಿಯೂ ಬಿಡುತ್ತದೆ. ಅದನ್ನು ವ್ಯಾಪಾರದ ಖರ್ಚಿಗೆ ಬರೆದುಕೊಳ್ಳಬೇಕು. ಆ ಭಯಕ್ಕೆ ಹೆದರಿ ಎಲ್ಲವನ್ನೂ ಉಳಿಸಿಕೊಂಡವರ ಖರ್ಚು ಇನ್ನೂ ದೊಡ್ಡದು. ಗಿರಾಕಿಯೊಬ್ಬರು ಒಮ್ಮೆಯಾದರೂ ವಿಚಾರಿಸಿರುವ ಹೆಸರಿಗೆ, ಬೆಲೆ ಕುದುರದಿದ್ದರೂ, ಇನ್ನೆರಡು ವರ್ಷ ಕೊಡುತ್ತೇನೆ.

ನಿಮ್ಮ ಪಟ್ಟಿಗೆ ಬಂದರೆ: ದೊಡ್ಡ ಕಂಪನಿಗಳ ಹೆಸರಿಗೆ ಸಪೋರ್ಟ್, ಸ್ಟೋರ್ ಎಂದು ಅಂಟಿಸಿದ ಮೊದಲ ಗುಂಪನ್ನು ಪೂರ್ತಿ ಅಳಿಸಿ, ಒಂದನ್ನೂ ಕೊಳ್ಳಬೇಡಿ. ಮೂರು ನಾಲ್ಕು ಪದ ಜೋಡಿಸಿದ ಉದ್ದನೆಯವನ್ನು ಯಾರು ಕೊಳ್ಳುತ್ತಾರೆ ಎಂದು ನನಗೆ ಕಾಣಲಿಲ್ಲ, ನಿಮಗೆ ಕಂಡಿದ್ದರೆ ಬರೆಯಿರಿ. ಡಾಟ್ ಎಐ ಗುಂಪಿನವು ಎಲ್ಲ ಎರಡು ಪದದವು, ಬೇಡ. ಕೊನೆಯ ಗುಂಪಿನಲ್ಲಿ, ಒಂದು ಸೇವೆಯನ್ನು ನೇರವಾಗಿ ಹೇಳುವ ಎರಡು ಪದದ ಡಾಟ್ ಕಾಮ್ ಹೆಸರುಗಳಲ್ಲಿ, ಮೂರ್ನಾಲ್ಕು ಪರವಾಗಿಲ್ಲ. ಅವುಗಳ ಟ್ರೇಡ್‌ಮಾರ್ಕ್ ಹುಡುಕಿ ನೋಡಿ, ಒಂದು ವರ್ಷಕ್ಕೆ ಮಾತ್ರ ಕೊಳ್ಳಿ. ಹಣ ಕಟ್ಟುವ ಪುಟದಲ್ಲಿ ಆಟೋ ರಿನ್ಯೂ ಗುರುತು ಮೊದಲೇ ಹಾಕಿಯೇ ಇರುತ್ತದೆ, ಅದನ್ನು ತೆಗೆದು, ಅವಧಿ ಮುಗಿಯುವ ಒಂದು ತಿಂಗಳ ಮುಂಚೆ ನೆನಪಿಸುವಂತೆ ಕ್ಯಾಲೆಂಡರಿನಲ್ಲಿ ಬರೆದಿಡಿ.